ಕನ್ನಡದ ಜ್ಞಾನದಾಸೋಹಿ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ಅನ್ನದಾಸೋಹ, ಅಕ್ಷರದಾಸೋಹ, ಜ್ಞಾನದಾಸೋಹಗಳೆಂಬ ಮೂರು ಬಗೆಯ ಸೇವೆಯು ನಮ್ಮ ನಾಡಿನ ಮಠಗಳಿಗೆ ಪರಂಪರೆಯಿಂದ ಬಂದ ಧರ್ಮವಾಗಿರುವುದು. ಹಸಿದು ಬಂದವನಿಗೆ ಅನ್ನವನ್ನಿಕ್ಕಿದ ಫಲವು ಒಡನೆಯೇ ಕಣ್ಣಿಗೆ ಕಾಣುವುದು. ಅಕ್ಷರವನ್ನು ಕಲಿಸಿದ ಶ್ರಮವು ಕೆಲವು ವರ್ಷಗಳಲ್ಲಿ ಫಲಿಸುವುದು. ಜ್ಞಾನವನ್ನು ಬಡಿಸಿದ ಫಲವಾದರೋ ಒಂದು ತಲೆಮಾರು ಕಳೆದ ಮೇಲೆಯೇ ತೋರಿಬರುವುದು. ಆದುದರಿಂದ ಈ ಮೂರನೆಯ ದಾಸೋಹವನ್ನು ನಡೆಸಿದವರು ತಮ್ಮ ಜೀವಮಾನದಲ್ಲಿ ಅದರ ಪೂರ್ಣಫಲವನ್ನು ಕಂಡು ಹರ್ಷಿಸಿದುದು ಅಪೂರ್ವ. ಅಂತಹವರನ್ನು ಮುಂದಿನವರು ನೆನೆಯದಿದ್ದರೆ ಕೃತಘ್ನತೆಯ ದೋಷವು ತಪ್ಪದು. ಶ್ರೀಮಠದ ಈ ಉತ್ಸವಸಮಯದಲ್ಲಿ, ಮಠದ ಹೊರಗಿದ್ದುಕೊಂಡು, ವಿಶ್ವವಿದ್ಯಾನಿಲಯವೆಂಬ ಹೊಸ ಕಾಲದ ವಿದ್ಯಾಪೀಠದಿಂದ ಕನ್ನಡ ಜನಸಾಮಾನ್ಯರಿಗೆ ಜ್ಞಾನವನ್ನು ಬಡಿಸಲು ಹೆಣಗಿದ ಒಬ್ಬ ಮಹನೀಯರ ಚರಿತ್ರೆಯನ್ನು ಸದ್ಭಕ್ತರ ಮುಂದಿಡುವುದು ಉಚಿತವೆಂದು ತೋರಿ ಈ ಲೇಖನಕ್ಕೆ ತೊಡಗಿರುವೆವು. ಅವರೇ ಕನ್ನಡದ ಕಣ್ವರೆಂದು ಹೆಸರಾಂತ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು.

ಚನ್ನಗಿರಿಯ ಸೀಮೆಯ ನಲ್ಲೂರು ಮೊದಲಾದ ಗ್ರಾಮಗಳ ಭಕ್ತರಿಗೆ ಉಪನ್ಯಾಸವೆಂಬುದು ಹೊಸದಾದ ವಸ್ತುವಲ್ಲ. ಶ್ರಾವಣಮಾಸದಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದು, ಸಂಜೆ ಕೈಕಾಲು ತೊಳೆದು ವಿಭೂತಿಯನ್ನು ಧರಿಸಿ, ಪುರಾಣವನ್ನು ಕೇಳಲು ಕುಳಿತುಕೊಳ್ಳುವ ವಾಡಿಕೆಯು ನಮ್ಮಲ್ಲಿ ಬಹುಕಾಲದಿಂದಲೂ ನಡೆದುಬಂದಿದೆ. ಭೀಮಕವಿಯು ೧೩೬೯ರಲ್ಲಿ ರಚಿಸಿದ ಬಸವಪುರಾಣವನ್ನೂ, ಚಾಮರಸನ ಪ್ರಭುಲಿಂಗಲೀಲೆಯನ್ನೂ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನೂ ಓದು ಬಾರದವರು ಸಹ ಕಿವಿಯ ಮೂಲಕವೇ ತಮ್ಮ ಸ್ವತ್ತನ್ನಾಗಿ ಮಾಡಿಕೊಂಡರು. ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಕೇಳುವವರು ನೂರಾರು ಮಂದಿ: ಹೀಗೆ ನಡೆದ ವಿದ್ಯಾದಾನಕ್ಕೆ ಶುಲ್ಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಇದಕ್ಕಿಂತ ಮುಖ್ಯವಾಗಿ, ಅದು ಕೇಳುವವರ ಮಾತಿನಲ್ಲಿಯೇ ನಡೆಯುತ್ತಿತ್ತು. ಹನ್ನೆರಡನೆಯ ಶತಮಾನದ ಶಿವಶರಣರು ಪರತತ್ತ್ವವನ್ನು ಆಡುಮಾತಿನಲ್ಲಿ ತಿಳಿಸಿ ಹಾಕಿಕೊಟ್ಟ ದಾರಿಯೇ ಇದಾಗಿದ್ದಿತು.

ಆದರೆ ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗಕ್ಕೆ ದೇಶದಲ್ಲಿ ಬೇರೊಂದು ವಿಧದ ವಿದ್ಯೆಯು ಪ್ರಬಲವಾಯಿತು. ಅದು ಇಂಗ್ಲಿಷಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಬೆಳೆದು, ಇಂಗ್ಲಿಷನ್ನು ಬಲ್ಲವರಿಗೆ ಮಾತ್ರ ಒಲಿಯುವಂತಹುದು. ಕಾಲೇಜಿನಲ್ಲಿ ಕಲಿತು ಬಂದ ಮಗನು ತಾನು ಕಲಿತುದೇನೆಂಬುದನ್ನು ತಂದೆತಾಯಿಗಳಿಗೆ ಅವರ ಭಾಷೆಯಲ್ಲಿ ತಿಳಿಸಲಾರದೆ ಹೋದನು. ಕನ್ನಡವು ಅಡುಗೆಮನೆಗೂ ಸಂತೆಗೂ ಸಾಕಾದ ಭಾಷೆ, ಗಹನವಾದ ವಿಚಾರಗಳಿಗೆ ಒದಗದು ಎಂಬ ಭಾವನೆಯು ವಿದ್ಯಾವಂತರಲ್ಲಿ ಹರಡಿತು. ರೈತನು ತೆತ್ತ ಕಂದಾಯದಿಂದ ಕಾಲೇಜುಗಳ ಗೋಡೆಗಳು ಎದ್ದವು. ಆ ಗೋಡೆಗಳೊಳಗೆ ನಡೆಯುವ ಮಾತು ಮಾತ್ರ ರೈತನ ಕಿವಿಗೆ ಬೀಳಲಿಲ್ಲ. ಈ ಅನ್ಯಾಯವನ್ನು ಕಂಡು ಮನಸ್ಸಿನಲ್ಲಿ ನೊಂದು, ಅದನ್ನು ನೀಗುವ ಉಪಾಯವನ್ನು ಆಲೋಚಿಸಿ, ಆ ಉಪಾಯಕ್ಕಾಗಿ ಆಯುಷ್ಯವನ್ನೇ ಸವೆಸಿದವರು ಶ್ರೀಕಂಠಯ್ಯನವರು. ಅವರು ವೃತ್ತಿಯಿಂದ ಇಂಗ್ಲಿಷಿನ ಅಧ್ಯಾಪಕರಾಗಿದ್ದರೆಂಬುದೇ ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವು.

ಶ್ರೀಕಂಠಯ್ಯನವರು ೧೮೮೪ನೆಯ ಇಸವಿ ಜನವರಿ ೩ರಂದು ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಇವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು; ತಾಯಿ ಭಾಗೀರಥಮ್ಮನವರು. ಬಾಲಕನ ಮೊದಲ ವಿದ್ಯಾಭ್ಯಾಸವು ಕಾವೇರಿಯ ತೀರದ ಶ್ರೀರಂಗಪಟ್ಟಣದಲ್ಲಿ ನಡೆಯಿತು. ಮುಂದೆ ಮೈಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ, ೧೯೦೩ರಲ್ಲಿ ಬಿ. ಎ. ಪದವಿಯನ್ನು ಪಡೆದು, ತರುವಾಯ ಮದರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಎಂ. ಎ. ಪದವಿಯನ್ನೂ ಸಂಪಾದಿಸಿದರು. ತಂದೆಯವರ ವೃತ್ತಿಯನ್ನೇ ಹಿಡಿದಿದ್ದರೆ ಧನಸಂಪಾದನೆಯು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಅವರಾದರೋ ಉಪಾಧ್ಯಾಯ ವೃತ್ತಿಯನ್ನೇ ಮೆಚ್ಚಿ, ೧೯೦೯ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿದರು. ಅಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತ ವಿದ್ಯಾರ್ಥಿಗಳ ಗೌರವಕ್ಕೂ ಪ್ರೀತಿಗೂ ಪಾತ್ರರಾದರು.

ಇವರ ಹೆಸರನ್ನು ನಾಡಿಗೆ ಪರಿಚಯಿಸಿದುದು ಒಂದು ಉಪನ್ಯಾಸವೇ. ೧೮೯೦ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ಣಾಟಕ ವಿದ್ಯಾವರ್ಧಕ ಸಂಘವು ಮುಂಬಯಿ ಆಧಿಪತ್ಯದ ಕನ್ನಡಿಗರ ಅಭಿಮಾನಕ್ಕೆ ಆಶ್ರಯವಾಗಿದ್ದಿತು. ಅಲ್ಲಿ ಶ್ರೀಕಂಠಯ್ಯನವರು ೧೯೧೧ರಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆ ಎಂಬ ವಿಷಯವನ್ನು ಕುರಿತು ಮಾತನಾಡಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ ವಯಸ್ಸು. ಕನ್ನಡವು ಸಾಯುತ್ತಿದೆಯೆಂದು ಗೋಳಿಡುವುದರಿಂದಾಗಲಿ, ಹಿಂದಿನ ವೈಭವವನ್ನು ಹೊಗಳುತ್ತ ಕುಳಿತುಕೊಳ್ಳುವುದರಿಂದಾಗಲಿ ಪ್ರಯೋಜನವಿಲ್ಲವೆಂಬುದನ್ನು ಅವರು ಮನಗಂಡಿದ್ದರು. ಹಳಗನ್ನಡದ ಕಾವ್ಯಗಳನ್ನು ಆದರದಿಂದ ಅಭ್ಯಾಸಮಾಡಬೇಕು, ಆದರೆ ಬರೆಯತಕ್ಕುದು ಜನರಿಗೆ ತಿಳಿಯುವ ಹೊಸಗನ್ನಡದಲ್ಲಿ; ಸಂಸ್ಕೃತದಿಂದಲೂ ಇಂಗ್ಲಿಷಿನಿಂದಲೂ ಉತ್ತಮವಾದುದನ್ನು ತಂದುಕೊಳ್ಳಬೇಕು, ಆದರೆ ತಂದುದು ಕನ್ನಡದ ಜಾಯಮಾನಕ್ಕೆ ಹೊಂದಿಕೊಳ್ಳಬೇಕು ಎಂಬುದೇ ಅವರ ಮತದ ಸಾರ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರನ್ನು ಭಾಷೆಯೊಂದೇ ಕೂಡಿಸಬಲ್ಲುದೆಂಬ ನಂಬಿಕೆಯು ಅಂದಿನಿಂದ ಕಡೆಯವರೆಗೂ ಅವರಲ್ಲಿ ಅಚಲವಾಗಿದ್ದಿತು.

೧೯೧೬ರ ಜುಲೈ ೨೭ರಂದು ನಾಲ್ವಡಿ ಕೃಷ್ಣರಾಜ ಒಡೆಯರವರ ಪೋಷಣೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಕ್ಕೆ ಹಿಂದೆ ನಮ್ಮ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಸ್ವಂತ ವಿಶ್ವವಿದ್ಯಾನಿಲಯವು ಬಂದ ಮೇಲೂ ಕನ್ನಡಕ್ಕೆ ಅಲ್ಲಿ ದೊರೆತ ಸ್ಥಾನವು ಚಿಕ್ಕದು. ಬೋಧನೆಯ ಭಾಷೆ ಇಂಗ್ಲಿಷೇ ಆಗಿದ್ದಿತು. ಆದರೆ ಆ ಕಾಲದಲ್ಲಿಯೇ ಕೆಲವು ಅಧ್ಯಾಪಕರು ತರಗತಿಯ ಹೊರಗೆ ಕನ್ನಡದ ಕೆಲಸಕ್ಕೆ ಕೈಹಾಕಿದರು. ಬೆಳ್ಳಾವೆ ವೆಂಕಟನಾರಣಪ್ಪನವರು ಮಿತ್ರರೊಡನೆ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಭೌತಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿ, ೧೯೧೯ರಲ್ಲಿ ಪ್ರಬುದ್ಧ ಕರ್ಣಾಟಕ ಪತ್ರಿಕೆಯನ್ನು ಆರಂಭಿಸಿದರು. ಈ ಸಂಘಗಳು ಏರ್ಪಡಿಸುತ್ತಿದ್ದ ಉಪನ್ಯಾಸ, ಕಾವ್ಯವಾಚನ, ನಾಟಕಾದಿಗಳಿಗೆ ವಿದ್ಯಾರ್ಥಿಗಳು ಮಾತ್ರವಲ್ಲದೆ ಪುರಜನರೂ ಬಂದು ಕೂಡುತ್ತಿದ್ದರು. ಪರೀಕ್ಷೆಗೆ ಬೇಕಿಲ್ಲದ ವಿದ್ಯೆಯನ್ನು ಸಂತೋಷಕ್ಕಾಗಿ ಕೇಳುವ ಅಭ್ಯಾಸವು ಹೀಗೆ ಕಾಲೇಜಿನ ಅಂಗಳಕ್ಕೆ ಬಂದಿತು.

ಶ್ರೀಕಂಠಯ್ಯನವರು ಈ ಉದ್ಯಮಕ್ಕೆ ಪ್ರೇರಕಶಕ್ತಿಯಾಗಿದ್ದರು. ೧೯೨೬ರಲ್ಲಿ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಪದವಿಗೆ ಬಂದರು. ಕಡತಗಳ ನಡುವೆ ಕುಳಿತವರು ಸಾಹಿತ್ಯವನ್ನು ಮರೆಯುವುದು ಲೋಕರೂಢಿ. ಇವರು ಆ ಅಧಿಕಾರವನ್ನು ಕನ್ನಡದ ಊಳಿಗಕ್ಕೇ ಉಪಯೋಗಿಸಿದರು. ಇವರ ಪ್ರಯತ್ನದಿಂದ ೧೯೨೭ರಲ್ಲಿ ಕನ್ನಡದಲ್ಲಿ ಎಂ. ಎ. ತರಗತಿಯು ಆರಂಭವಾಯಿತು. ಚಿತ್ರದುರ್ಗದ ಸೀಮೆಯ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿ ಪ್ರಕಟಿಸಿದ ಪುಣ್ಯವು ಈ ವೆಂಕಣ್ಣಯ್ಯನವರದೇ ಎಂಬುದನ್ನು ಭಕ್ತರು ನೆನೆಯಬೇಕು. ತಾಳೆಗರಿಯಲ್ಲಿಯೂ ಮಠಗಳ ಪೆಟ್ಟಿಗೆಗಳಲ್ಲಿಯೂ ಅಡಗಿದ್ದ ಶರಣಸಾಹಿತ್ಯವನ್ನು ಒಂದು ಕಡೆ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ತಮ್ಮ ಸರ್ವಸ್ವವನ್ನೂ ಸವೆಸಿ ಬೆಳಕಿಗೆ ತರುತ್ತಿದ್ದರೆ, ಇನ್ನೊಂದು ಕಡೆ ಮೈಸೂರಿನ ತರಗತಿಗಳಲ್ಲಿ ಹರಿಹರ ರಾಘವಾಂಕರು ಪಂಪ ರನ್ನರ ಸಮಾನ ಪಂಕ್ತಿಯಲ್ಲಿ ಕುಳಿತರು. ಜಾತಿಮತಗಳನ್ನು ಎಣಿಸದೆ ಕನ್ನಡವೆಲ್ಲವೂ ತಮ್ಮದೆಂದು ಬಗೆದ ಈ ಆಚಾರ್ಯರ ಔದಾರ್ಯವು ನಮ್ಮೆಲ್ಲರ ವಂದನೆಗೆ ಅರ್ಹವಾದುದು. ಆ ಎಂ. ಎ. ತರಗತಿಯ ಮೊದಲ ವಿದ್ಯಾರ್ಥಿಗಳಲ್ಲಿ ಅಂದಿನ ಶಿವಮೊಗ್ಗೆಯ ಜಿಲ್ಲೆಯವರೇ ಆದ ಕುವೆಂಪು ಅವರೂ, ಮುಂದೆ ಗ್ರಂಥಸಂಪಾದನೆಯಲ್ಲಿ ಕೀರ್ತಿಗಳಿಸಿದ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು.

ಅವರ ಸಾಹಿತ್ಯಕೃತಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ೧೯೨೬ರ ಇಂಗ್ಲಿಷ್ ಗೀತಗಳು ಎಂಬ ಗ್ರಂಥವು ಹೆಸರಿನಲ್ಲಿ ಭಾಷಾಂತರವಾದರೂ ಗುಣದಲ್ಲಿ ಹೊಸ ಸೃಷ್ಟಿ. ದ್ವಿತೀಯಾಕ್ಷರಪ್ರಾಸದ ಕಟ್ಟನ್ನು ಸಡಿಲಿಸಿ, ಮಾತ್ರಾಗಣಗಳನ್ನು ಚಿಕ್ಕಚಿಕ್ಕ ಸಾಲುಗಳಲ್ಲಿ ಹೊಸ ಬಗೆಯಾಗಿ ಜೋಡಿಸಿ, ಆಡುಮಾತಿನ ಬಿನ್ನಾಣವನ್ನು ಉಳಿಸಿಕೊಂಡ ಆ ಪದ್ಯಗಳು ಮುಂದಿನ ಕವಿಗಳಿಗೆಲ್ಲ ದಾರಿಯಾದವು. ಅದೇ ವರ್ಷದ ಗದಾಯುದ್ಧ ನಾಟಕಂ ಎಂಬುದು ರನ್ನನ ಕಾವ್ಯವನ್ನು ರಂಗಕ್ಕೆ ಹೊಂದಿಸಿದುದು. ೧೯೨೯ರ ಅಶ್ವತ್ಥಾಮನ್, ೧೯೩೫ರ ಪಾರಸಿಕರು ಎಂಬ ನಾಟಕಗಳು ಗ್ರೀಕರ ರುದ್ರನಾಟಕಗಳ ಗಾಂಭೀರ್ಯವನ್ನು ಕನ್ನಡಕ್ಕೆ ತಂದವು. ಪರದೇಶದ ಕವಿಗಳು ಎರಡು ಸಾವಿರ ವರ್ಷಗಳ ಹಿಂದೆ ಕಂಡ ಮಾನವದುಃಖವು ಕನ್ನಡಿಗನ ಹೃದಯಕ್ಕೂ ನಿಲುಕುವುದೆಂಬುದನ್ನು ಅವರು ಈ ಮೂಲಕ ತೋರಿಸಿಕೊಟ್ಟರು.

ಆದರೆ ಅವರ ಆಯುಷ್ಯದ ಹೆಚ್ಚು ಭಾಗವು ಪುಸ್ತಕಗಳಿಗಿಂತ ಸಭೆಗಳಲ್ಲಿ ಕಳೆಯಿತು. ಕರೆದ ಊರಿಗೆಲ್ಲ ಹೋದರು, ಮಾತನಾಡಿದರು, ಇತರರನ್ನು ಮಾತನಾಡಲು ಹುರಿದುಂಬಿಸಿದರು. ೧೯೨೮ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಹದಿನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ನಿಜಾಮರ ಆಳ್ವಿಕೆಯ ಆ ಪ್ರಾಂತದಲ್ಲಿ ಆಡಳಿತದ ಭಾಷೆ ಉರ್ದುವಾಗಿದ್ದು, ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಓದುವ ಅನುಕೂಲವೇ ಕಡಮೆಯಾಗಿದ್ದಿತು. ಅಲ್ಲಿ ಕನ್ನಡದ ಸಭೆಯು ನೆರೆದುದೇ ಅಲ್ಲಿನ ಜನಕ್ಕೆ ಧೈರ್ಯವನ್ನು ಕೊಟ್ಟಿತು.

ವಿಶ್ವವಿದ್ಯಾನಿಲಯವು ತನ್ನ ಪ್ರಾಂಗಣವನ್ನು ದಾಟಿ ಜನರ ಬಳಿಗೆ ಹೋಗಬೇಕೆಂಬುದು ಆ ಕಾಲದ ಹಲವು ಆಚಾರ್ಯರ ಆಶಯವಾಗಿದ್ದಿತು. ಅದರಿಂದ ಪ್ರಚಾರೋಪನ್ಯಾಸಗಳೆಂಬ ಏರ್ಪಾಡು ಬೆಳೆಯಿತು. ಅಧ್ಯಾಪಕರು ಊರೂರುಗಳಿಗೆ ತೆರಳಿ, ಚರಿತ್ರೆ, ಸಾಹಿತ್ಯ, ಆರೋಗ್ಯ, ಖಗೋಲ, ಅರ್ಥಶಾಸ್ತ್ರ ಮೊದಲಾದ ವಿಷಯಗಳನ್ನು ಕನ್ನಡದಲ್ಲಿ ವಿವರಿಸುವುದು. ತರುವಾಯ ಆ ಉಪನ್ಯಾಸಗಳನ್ನು ಬಡವರೂ ಕೊಳ್ಳಬಹುದಾದ ಅಲ್ಪಬೆಲೆಯ ಚಿಕ್ಕ ಪುಸ್ತಕಗಳನ್ನಾಗಿ ಅಚ್ಚುಹಾಕಿಸುವುದು ಇದರ ಕ್ರಮ. ಇದರಲ್ಲಿ ಇನ್ನೊಂದು ಪ್ರಯೋಜನವೂ ಅಡಗಿದ್ದಿತು. ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲಿ ಪಾಠಹೇಳುವ ಅಧ್ಯಾಪಕನು ರೈತರ ಮುಂದೆ ನಿಂತಾಗ ತಾನು ಬಲ್ಲುದನ್ನು ನಿಜವಾಗಿ ಬಲ್ಲೆನೋ ಇಲ್ಲವೋ ಎಂಬುದು ಅವನಿಗೇ ತಿಳಿಯುತ್ತಿದ್ದಿತು. ಎರವಲು ಪದಗಳ ಮರೆಯು ಅಲ್ಲಿ ಸಿಗದು. ಎದುರಿಗಿರುವವರ ಮುಖವು ಅರಳಿದರೆ ಅರ್ಥವಾಯಿತು, ಬಾಡಿದರೆ ಆಗಲಿಲ್ಲ. ಹೀಗೆ ಪ್ರಚಾರೋಪನ್ಯಾಸವು ಕೇಳುವವರಿಗೆ ವಿದ್ಯೆಯೂ ಹೇಳುವವರಿಗೆ ಪರೀಕ್ಷೆಯೂ ಆಯಿತು. ಇದೇ ಕಾಲದಲ್ಲಿ, ೧೯೩೫ರ ಸೆಪ್ಟೆಂಬರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಸ್ವಪ್ರಯತ್ನದಿಂದ ತೆರೆದುದೂ, ಅದಕ್ಕೆ ಆಕಾಶವಾಣಿ ಎಂಬ ಹೆಸರು ಸಂದುದೂ ಸ್ಮರಣೀಯ. ವಿದ್ವಾಂಸರ ಮಾತು ಗೋಡೆಗಳನ್ನಷ್ಟೇ ಅಲ್ಲದೆ ಊರಿನ ಎಲ್ಲೆಯನ್ನೂ ದಾಟಿತು.

೧೯೩೮ರಲ್ಲಿ ಮೈಸೂರಿನ ಮಹಾರಾಜರು ಶ್ರೀಕಂಠಯ್ಯನವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನಿತ್ತು ಗೌರವಿಸಿದರು. ಅದೇ ವರ್ಷ ಅವರು ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದರ ಹೊಣೆಯನ್ನು ಹೊತ್ತರು. ಪರಿಷತ್ತು ೧೯೧೫ರಲ್ಲಿ ಹುಟ್ಟಿದ್ದರೂ ಬಹುಮಟ್ಟಿಗೆ ಪಂಡಿತರ ಮಂದಿರವಾಗಿಯೇ ಉಳಿದಿದ್ದಿತು. ಇವರು ಅದರ ಬಾಗಿಲುಗಳನ್ನು ತೆರೆದರು. ಕನ್ನಡ ನುಡಿ ಎಂಬ ಪತ್ರಿಕೆಯು ಹೊರಟಿತು. ವಸಂತ ಸಾಹಿತ್ಯೋತ್ಸವಗಳು ನಡೆದವು. ಗಮಕಕಲೆಯನ್ನು ಕಲಿಸುವ ತರಗತಿಗಳು ಏರ್ಪಟ್ಟವು. ಶಾಲೆಗೆ ಹೋಗಲು ಅವಕಾಶವಿಲ್ಲದವರೂ ಮನೆಯಲ್ಲಿ ಓದಿ ಕುಳಿತುಕೊಳ್ಳಬಹುದಾದ ಕನ್ನಡ ಪರೀಕ್ಷೆಗಳು ಆರಂಭವಾದವು. ಮಹಿಳೆಯರಿಗಾಗಿ ಪ್ರತ್ಯೇಕ ಶಾಖೆಯು ತೆರೆಯಿತು. ಪರಿಷತ್ತಿಗೆ ಸ್ವಂತ ಅಚ್ಚುಕೂಟವು ಬೇಕೆಂದು ಶ್ರಮಿಸಿದವರೂ ಇವರೇ. ಆ ಅಚ್ಚುಕೂಟವು ಮುಂದೆ ಇವರ ಹೆಸರನ್ನೇ ಧರಿಸಿತು. ಶಿಷ್ಯರೂ ಮಿತ್ರರೂ ಕೂಡಿ ೧೯೪೧ರಲ್ಲಿ ಇವರಿಗೆ ಸಂಭಾವನೆ ಎಂಬ ಅಭಿನಂದನಗ್ರಂಥವನ್ನು ಅರ್ಪಿಸಿದರು. ಈಗ ನಾವು ಕಾಣುವ ಇಂತಹ ಗೌರವಸಂಪುಟಗಳ ಸಂಪ್ರದಾಯಕ್ಕೆ ಕನ್ನಡದಲ್ಲಿ ಅದೇ ಮೇಲ್ಪಂಕ್ತಿಯಾಯಿತು.

ಇಷ್ಟೆಲ್ಲ ಉಪನ್ಯಾಸ, ಉತ್ಸವ, ಆಡಳಿತಗಳ ನಡುವೆ ಅವರು ಕಳೆದುಕೊಂಡುದೇನು ಎಂಬುದನ್ನೂ ಪಕ್ಷಪಾತವಿಲ್ಲದೆ ವಿಚಾರಿಸಬೇಕು. ಅವರ ಪಾಂಡಿತ್ಯಕ್ಕೂ ಪ್ರತಿಭೆಗೂ ಹೋಲಿಸಿದರೆ ಅವರು ಬರೆದಿಟ್ಟುಹೋದ ಗ್ರಂಥಗಳು ಕೆಲವೇ. ಅವರ ಕನ್ನಡ ಸಾಹಿತ್ಯಚರಿತ್ರೆಯು ಪೂರ್ಣವಾಗಲಿಲ್ಲ. ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟಿಗಾಗಿ ಅವರು ದುಡಿದರು. ಅದು ಪ್ರಕಟವಾಗುವ ಹೊತ್ತಿಗೆ ಅವರಿರಲಿಲ್ಲ. ಬರೆದ ಮಾತು ಕಾಗದದಲ್ಲಿ ನಿಲ್ಲುವುದು. ಆಡಿದ ಮಾತು ಗಾಳಿಯಲ್ಲಿ ಹೋಗುವುದು. ಸಭೆಗಳನ್ನು ಬಿಟ್ಟು ಏಕಾಂತದಲ್ಲಿ ಕುಳಿತಿದ್ದರೆ ಇನ್ನೂ ಹಲವು ಉತ್ತಮ ಕೃತಿಗಳು ಅವರಿಂದ ಬರುತ್ತಿದ್ದವೆಂದು ಹೇಳುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ದಾಸೋಹಿಯ ಲೆಕ್ಕವೇ ಬೇರೆ. ಕಣಜದಲ್ಲಿ ಉಳಿದ ಕಾಳನ್ನು ಅವನು ಎಣಿಸುವುದಿಲ್ಲ. ಪಂಕ್ತಿಯಲ್ಲಿ ಉಂಡೆದ್ದವರನ್ನು ನೋಡುವನು. ತಾವು ಬರೆಯಬಹುದಾಗಿದ್ದ ಗ್ರಂಥಗಳನ್ನು ಶಿಷ್ಯರಿಂದ ಬರೆಯಿಸಿದುದೇ ಅವರ ದೊಡ್ಡ ಕೃತಿಯೆಂದು ಅನೇಕರು ಭಾವಿಸಿರುವರು. ತಾನು ಹೆರದ ಕೂಸನ್ನು ಆಶ್ರಮದಲ್ಲಿ ಸಾಕಿ ಬೆಳೆಯಿಸಿದ ಕಣ್ವಮುನಿಯ ಹೆಸರು ಅವರಿಗೆ ಸಂದುದು ಅನ್ವರ್ಥವೇ ಆಗಿದೆ.

ಸರಕಾರದ ಸೇವೆಯಿಂದ ನಿವೃತ್ತರಾದ ಮೇಲೆ ವಿಶ್ರಾಂತಿಯನ್ನು ಬಯಸದೆ, ೧೯೪೪ರಲ್ಲಿ ಧಾರವಾಡದ ಒಂದು ಕಲಾಶಾಲೆಯ ಪ್ರಿನ್ಸಿಪಾಲರಾಗಿ ಹೋದರು. ತರುಣನಾಗಿ ತಮ್ಮ ಮಾತನ್ನು ಮೊದಲು ನಾಡಿಗೆ ಕೇಳಿಸಿದ ಊರಿಗೆ ವೃದ್ಧಾಪ್ಯದಲ್ಲಿ ಸೇವೆಗಾಗಿ ಮರಳಿದಂತಾಯಿತು. ಅಲ್ಲಿಯೇ ೧೯೪೬ರ ಜನವರಿ ೫ರಂದು ಅವರು ದೇಹವನ್ನು ಬಿಟ್ಟರು. ಅರುವತ್ತೆರಡು ವರ್ಷ ತುಂಬಿ ಎರಡೇ ದಿನಗಳಾಗಿದ್ದವು. ಮೈಸೂರಿನವರು, ಧಾರವಾಡದವರು ಎಂಬ ಭೇದವನ್ನು ಒಪ್ಪದೆ ಬಾಳಿದವರು ಮೈಸೂರಿನ ಎಲ್ಲೆಯಾಚೆಗಿನ ಕನ್ನಡ ನೆಲದಲ್ಲಿ ಮಣ್ಣಾದುದು ಅವರ ಬಾಳಿಗೆ ತಕ್ಕುದೇ ಆಗಿದ್ದಿತು. ಅವರು ಹಂಬಲಿಸಿದ ಏಕೀಕರಣವು ಕೈಗೂಡಿದುದು ಇನ್ನೂ ಹತ್ತು ವರ್ಷಗಳ ಮೇಲೆ, ೧೯೫೬ರ ನವೆಂಬರ್ ೧ರಂದು.

ಅವರು ಬಿತ್ತಿದ ಬೀಜವು ಒಣಗಲಿಲ್ಲ. ಶಿಷ್ಯರಾದ ಕುವೆಂಪು ಅವರು ೧೯೫೬ರಲ್ಲಿ ಅದೇ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, ಅಧ್ಯಯನ, ಸಂಶೋಧನ, ಪ್ರಸಾರ ಎಂಬ ಮೂರು ಅಂಗಗಳನ್ನು ವಿಶ್ವವಿದ್ಯಾನಿಲಯಕ್ಕೆ ಕಲ್ಪಿಸಿದರು. ಗುರುಗಳ ಕಾಲದಲ್ಲಿ ಕೆಲವರ ಉತ್ಸಾಹವನ್ನು ನೆಮ್ಮಿದ್ದ ಪ್ರಚಾರೋಪನ್ಯಾಸವು ಶಿಷ್ಯರ ಕಾಲದಲ್ಲಿ ಪ್ರಸಾರಾಂಗವೆಂಬ ನಿಯತವಾದ ಇಲಾಖೆಯಾಗಿ, ಗ್ರಾಮಾಂತರಗಳಲ್ಲಿ ಉಪನ್ಯಾಸಗಳನ್ನೂ ಸುಲಭಬೆಲೆಯ ಪುಸ್ತಕಗಳನ್ನೂ ನೀಡಿತು. ಇತರ ವಿಶ್ವವಿದ್ಯಾನಿಲಯಗಳೂ ಈ ಕ್ರಮವನ್ನು ಅನುಸರಿಸಿದವು. ೧೯೭೯ರಲ್ಲಿ ಶಿಷ್ಯರಾದ ಎಂ. ವಿ. ಸೀತಾರಾಮಯ್ಯನವರು ಬೆಂಗಳೂರಿನಲ್ಲಿ ಗುರುಗಳ ಹೆಸರಿನ ಸ್ಮಾರಕ ಪ್ರತಿಷ್ಠಾನವನ್ನು ಸ್ಥಾಪಿಸಿದರು. ನಮ್ಮ ಸೀಮೆಗೂ ಆ ಫಲವು ಬಂದು ಮುಟ್ಟಿತು. ಒಂದು ಕಾಲದಲ್ಲಿ ಪದವಿಯ ವಿದ್ಯೆಗಾಗಿ ಚನ್ನಗಿರಿಯ ಕಡೆಯ ಹುಡುಗನು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿದ್ದಿತು. ಈಗಲಾದರೋ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಶಂಕರಘಟ್ಟದಲ್ಲಿಯೂ, ೨೦೦೯ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯವು ತೋಳಹುಣಸೆಯಲ್ಲಿಯೂ ಇರುವುವು. ಅಲ್ಲಿ ಕನ್ನಡದಲ್ಲಿ ಬರೆಯುವುದಕ್ಕಾಗಲಿ ಮಾತನಾಡುವುದಕ್ಕಾಗಲಿ ಯಾರೂ ನಾಚಬೇಕಾಗಿಲ್ಲ. ಈ ನಾಚಿಕೆಯನ್ನು ಕಳೆದವರಲ್ಲಿ ಶ್ರೀಕಂಠಯ್ಯನವರು ಅಗ್ರಗಣ್ಯರು.

ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಉಪನ್ಯಾಸಮಂದಿರವು ಸಮೀಪದಲ್ಲಿದ್ದರೂ ಕೇಳುವವರು ಹೋಗದಿದ್ದರೆ ಅದು ಬರಿದಾದ ಪ್ರಸಾದನಿಲಯದಂತೆ. ಕೇಳಲು ಬಂದವರಿಗೆ ತಿಳಿಯದ ಹಾಗೆ ಮಾತನಾಡಿದರೆ ಅದು ಉಪ್ಪಿಲ್ಲದ ಅಡುಗೆಯಂತೆ. ನಮ್ಮ ಮಕ್ಕಳು ಪದವಿಗಳನ್ನು ಪಡೆದು ಊರಿಗೆ ಬಂದಾಗ, ಅವರು ಕಲಿತುದನ್ನು ಮನೆಯ ಹಿರಿಯರಿಗೆ ಅವರ ಮಾತಿನಲ್ಲಿ ತಿಳಿಸಬಲ್ಲರೇ ಎಂಬ ಪ್ರಶ್ನೆಯನ್ನು ನಾವು ಇಂದಿಗೂ ಕೇಳಿಕೊಳ್ಳಬೇಕಾಗಿದೆ. ಶ್ರೀಕಂಠಯ್ಯನವರ ಬಾಳೆಲ್ಲ ಆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವಾಗಿದ್ದಿತು. ಸದ್ಭಕ್ತರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಓದಿದ ಮಕ್ಕಳನ್ನು ಊರಿನ ಸಭೆಯಲ್ಲಿ ನಿಲ್ಲಿಸಿ, ತಿಳಿದುದನ್ನು ತಿಳಿಯದವರಿಗೆ ಹಂಚುವಂತೆ ಮಾಡಿದರೆ ಆ ಪುಣ್ಯಚೇತನಕ್ಕೆ ಸಲ್ಲಿಸುವ ಸ್ಮರಣೆಯು ಸಾರ್ಥಕವಾಗುವುದು. ಕನ್ನಡದ ಈ ಜ್ಞಾನದಾಸೋಹವು ಪಂಕ್ತಿ ತಪ್ಪದೆ ನಡೆದುಬರಲೆಂದು ಪರಶಿವನನ್ನು ಪ್ರಾರ್ಥಿಸಿ ಈ ಚರಿತ್ರೆಯನ್ನು ಮುಗಿಸುವೆವು.